ಧಾಬಳಿಯಲ್ಲಿ ಸುತ್ತಿದ ಡಬ್ಬಿಗಳು

ಹೋದ ತಿಂಗಳು ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಮಳೆ ಜೋರಾಗಿ ಹೊಡೆಯುತ್ತಿತ್ತು. ಕುರಿ ಕಾಯುವವನೊಬ್ಬ ತೊಯ್ದ ಕಂಬಳಿ ಹೊದ್ದುಕೊಂಡು ಬಂದು ನಾನಿದ್ದ ಬೆಂಚಿನ ಮೇಲೆಯೇ ಕುಳಿತ. ಆಚೆ ತುದಿಯಲ್ಲಿದ್ದ ಕಾಲೇಜು ಹುಡುಗಿಯರು ಮೂಗು ಮುಚ್ಚಿಕೊಂಡು ಎದ್ದು ಹೋದರು. ನಾನು ಏಳಲಿಲ್ಲ. ಒದ್ದೆ ಉಣ್ಣೆಯ ವಾಸನೆ ಬಂದರೆ ನನಗೆ ಕಾಗಿಣಾ ಹೊಳೆಯ ದಂಡೆಯ ಒಂದು ಊರು, ಒಂದು ಬಾವಿ, ಒಂದು ಶ್ರಾವಣ ನೆನಪಾಗುತ್ತವೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಶಹಾಬಾದಿನ ಹುಡುಗಿ. ಫಿಸಿಯೋಥೆರಪಿ ಓದಿ ಸೇಡಮ್ಮಿನ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಪಾರ್ಶ್ವವಾಯುವಿಗೆ ನಮ್ಮ ಕಡೆ ಲಕ್ವಾ ಅನ್ನುತ್ತಾರೆ. ಲಕ್ವಾ ಹೊಡೆದು ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವುದು, ನಿಂತವರನ್ನು ನಡೆಸುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ಕಾಲು ಎತ್ತದವರಿಗೆ ಬೈದು ಎತ್ತಿಸುತ್ತಿದ್ದೆ. ಬೈಸಿಕೊಂಡವರೇ ಮರುದಿನ ಮಾವಿನಕಾಯಿ ತಂದು ಕೊಡುತ್ತಿದ್ದರು.

ಆ ವರ್ಷ ಗುಲಬರ್ಗಾದ ದೊಡ್ಡ ಡಾಕ್ಟರೊಬ್ಬರು ಒಂದು ಅಧ್ಯಯನ ಶುರು ಮಾಡಿದ್ದರು. ಲಕ್ವಾ ಹೊಡೆದವರು ದವಾಖಾನೆಯ ವರಾಂಡದಲ್ಲಿ ನಮ್ಮ ಕಣ್ಣೆದುರಿಗೆ ಚೆನ್ನಾಗಿಯೇ ನಡೆದು ತೋರಿಸುತ್ತಾರೆ. ಮನೆಗೆ ಹೋದ ಮೇಲೆ ಹೇಗೆ ನಡೆಯುತ್ತಾರೆ? ಅದು ಯಾರಿಗೂ ಗೊತ್ತಿಲ್ಲ. ಅದಕ್ಕೆಂದೇ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಗಳು ಬಂದವು. ಎರಡು ಕಾಲಿಗೆ ಎರಡು, ಸೊಂಟಕ್ಕೆ ಒಂದು. ಒಳಗಿದ್ದ ಸೆನ್ಸರ್ ಕಾಲು ಎಷ್ಟು ಎತ್ತಿತು, ಹೇಗೆ ಊರಿತು, ಸೊಂಟ ಎಲ್ಲಿ ಜೋಲಿ ಹೊಡೆಯಿತು ಎಂಬುದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಬಿಚ್ಚಿಸಿ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಬೆಳಗ್ಗೆಯಿಂದ ರಾತ್ರಿಯವರೆಗಿನ ನಡಿಗೆ ಗೆರೆಗಳಾಗಿ ಮೂಡುತ್ತಿತ್ತು. ಅದಕ್ಕಿಂತ ಹೆಚ್ಚು ನಂಬುವಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತ್ತು. ಸುಲೇಪೇಟದ ಕಿರಾಣಿ ಅಂಗಡಿಯ ಸಾಹುಕಾರರು ಅದನ್ನು ಹೊಸ ನಮೂನೆಯ ತಾಯಿತವೆಂದು ತಿಳಿದು, ಬಿಚ್ಚಲು ಹೋದರೆ, “ಇನ್ನೊಂದ್ ವಾರ ಇರ್ಲಿ ಬಿಡ್ರಿ ಮೇಡಂ, ಗುಣ ಕಾಣಾಕತ್ತದ” ಎಂದು ಕೈ ಮುಗಿದಿದ್ದರು.

ಗುಂಡಾಚಾರ್ಯರು ಬಂದದ್ದು ಬೇಸಿಗೆಯಲ್ಲಿ. ಸೇಡಂ ತಾಲೂಕಿನದೇ ಊರು, ಅಲ್ಲಿಯ ಹನುಮಪ್ಪನ ಗುಡಿಯ ಅರ್ಚಕರು. ಅರವತ್ತರ ಹತ್ತಿರದ ವಯಸ್ಸು. ಟಂಟಂ ರಿಕ್ಷಾದಲ್ಲಿ ಮಲಗಿಸಿಕೊಂಡು ತಂದಿದ್ದರು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ನನ್ನನ್ನು ನೋಡಿದವರೇ ಕೇಳಿದ ಮೊದಲ ಮಾತು ಇದು:

“ಬಾಯಾರ, ಶ್ರಾವಣದೊಳಗ ನಾ ಕೊಡ ಹೊರಬೇಕು. ಆಗ್ತದೋ ಇಲ್ಲೋ, ಅಷ್ಟು ಹೇಳ್ರಿ.”

ಕೊಡದ ಕತೆಯನ್ನು ಬಿಡಿಸಿ ಹೇಳಿದವರು ಅವರ ಚಿಕ್ಕಪ್ಪನ ಮಗ ಶಾಮಾಚಾರ್ಯರು. ಸೇಡಮ್ಮಿನ ಹೈಸ್ಕೂಲಿನಲ್ಲಿ ಮಾಸ್ತರರು, ದಿನಾ ಮೋಟಾರ್ ಸೈಕಲ್ಲಿನಲ್ಲಿ ಊರಿಂದ ಓಡಾಡುತ್ತಿದ್ದರು. ಆ ಗುಡಿಯ ಶ್ರಾವಣದ ಪೂಜೆ ಎರಡು ಮನೆಗಳಿಗೆ ಸೇರಿದ್ದು. ಒಂದು ವರ್ಷ ಇವರ ಪಾಳಿ, ಇನ್ನೊಂದು ವರ್ಷ ಅವರ ಪಾಳಿ. ಪಾಳಿ ಇದ್ದವರು ಮೊದಲ ಶನಿವಾರ ಮಡಿಯಲ್ಲಿ ಬಾವಿಗೆ ಇಳಿದು, ದೇವರ ಅಭಿಷೇಕದ ನೀರನ್ನು ತಮ್ಮ ಹೆಗಲ ಮೇಲೆಯೇ ತರಬೇಕು. ಬೇರೆಯವರು ತಂದ ನೀರು ನಡೆಯುವುದಿಲ್ಲ. ಒಮ್ಮೆ ಕೈಲಾಗದೆ ಕೊಡ ಬಿಟ್ಟುಕೊಟ್ಟವರಿಗೆ ಬದುಕಿರುವ ತನಕ ಮತ್ತೆ ಪಾಳಿ ಇಲ್ಲ. ಇದು ಅಜ್ಜ ಮುತ್ತಜ್ಜರ ಕಾಲದ ಕಟ್ಟು.

“ಅಣ್ಣನ ಪಾಳಿ ಕಸಗೊಳ್ಳೂದು ನನಗ ಬ್ಯಾಡ್ರಿ,” ಎಂದರು ಮಾಸ್ತರರು. “ಖರೆ, ಅವ ಬಾವ್ಯಾಗ ಬಿದ್ದು ಸತ್ತರ? ದವಾಖಾನಿಯವರು ಆಗ್ತದ ಅಂದ್ರ ಆತು, ನಂದೇನೂ ತಕರಾರಿಲ್ಲ.”

ಆಚಾರ್ಯರ ಹೆಂಡತಿ ಪದ್ಮಕ್ಕ ನನ್ನನ್ನು ಔಷಧ ಕೊಡುವ ಕಿಟಕಿಯ ಹತ್ತಿರ ನಿಲ್ಲಿಸಿ ಬೇರೆಯೇ ಹೇಳಿದರು. “ಇಲ್ಲ ಅಂತ ಹೇಳಿಬಿಡ್ರಿ ಬಾಯಾರ. ನಿಮ್ಮ ಮಾತು ಕೇಳ್ತಾರ. ಪಾಳಿ ಹೋದರ ಹೋಗ್ಲಿ, ಮನಷ್ಯಾ ಉಳೀಲಿ.”

“ಇಲ್ಲ ಅನ್ನಾಕೂ ಹೂಂ ಅನ್ನಾಕೂ ನಾ ಯಾರ್ರೀ ಅಕ್ಕಾ? ಅವರ ಕಾಲು ಹೇಳ್ತದ, ಈ ಡಬ್ಬಿ ಹೇಳ್ತದ,” ಎಂದು ನಾನು ಜಂಬದಿಂದ ಅಂದೆ.

ಆಚಾರ್ಯರಷ್ಟು ಹಟದಿಂದ ಕಾಲು ಎತ್ತಿದ ರೋಗಿಯನ್ನು ನಾನು ಮುಂದೆಯೂ ನೋಡಲಿಲ್ಲ. ಮುಂಗಾರು ಹಿಡಿಯುವಷ್ಟರಲ್ಲಿ ಕೋಲು ಬಿಟ್ಟು ನಡೆಯುತ್ತಿದ್ದರು. ಎಡಗಾಲು ಮಾತ್ರ ಕುಡುಗೋಲು ಬೀಸಿದ ಹಾಗೆ ಹೊರಗಿನಿಂದ ಸುತ್ತಿ ಮುಂದೆ ಬರುತ್ತಿತ್ತು. ಎಡಗೈ ಸೊಂಟದ ಮಟ್ಟಕ್ಕೆ ಏಳುತ್ತಿತ್ತು, ಹಿಡಿತ ಇರಲಿಲ್ಲ. ಆಷಾಢದಲ್ಲಿ ಅವರ ಕಾಲಿಗೆ ಡಬ್ಬಿಗಳನ್ನು ಕಟ್ಟಿ ಊರಿಗೆ ಕಳಿಸಿದೆ. ಮಾಸ್ತರರು ವಾರಕ್ಕೊಮ್ಮೆ ತಂದುಕೊಡುವುದೆಂದು ಮಾತಾಯಿತು.

ಮೊದಲ ವಾರದ ಗೆರೆ ನೋಡಿದರೆ ನನಗೆ ಸಿಟ್ಟು ಬಂತು. ದಿನವೆಲ್ಲ ಚೆನ್ನಾಗಿದ್ದ ಗೆರೆ ಬೆಳಗಿನ ಹೊತ್ತು ಸತ್ತಂತೆ ಮಲಗಿತ್ತು. ಯಾವ ದಿನ ನೋಡಿದರೂ ಹಾಗೇ. ಗುಲಬರ್ಗಾದ ಡಾಕ್ಟರು ಫೋನಿನಲ್ಲಿ, ಡಬ್ಬಿ ಬಿಚ್ಚಿಡುವವರು ಅಧ್ಯಯನಕ್ಕೆ ಬೇಡ, ಬಿಟ್ಟುಬಿಡು ಎಂದರು. ಬಿಟ್ಟರೆ ನಾನು ಯಾವ ಆಧಾರದ ಮೇಲೆ ಹೂಂ ಎನ್ನಲಿ, ಇಲ್ಲ ಎನ್ನಲಿ? ಬಸ್ಸು ಹತ್ತಿ ಅವರ ಊರಿಗೆ ಹೋದೆ.

ಆಚಾರ್ಯರು ಪಡಸಾಲೆಯಲ್ಲಿ ಕುಳಿತು, ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದರು. “ಬೆಳಿಗ್ಗೆ ನಾ ಮಡಿಲೇ ಬಾವಿಗೆ ಹೋಗ್ತೀನಿ, ನೀರು ಹೊರೂದು ರೂಢಿ ಮಾಡ್ಲಿಕತ್ತೀನಿ. ಮಡಿಯೊಳಗ ನಿಮ್ಮ ಪ್ಲಾಸ್ಟಿಕ್ಕಿನ ಪಟ್ಟಿ ಹೆಂಗ ಕಟ್ಟಿಕೊಳ್ಳಲಿ? ಕೈಗಡಿಯಾರನೂ ತಗದಿಡ್ತೀನಿ ನಾನು.”

ಅಂದರೆ ಯಾವ ನಡಿಗೆಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದೆವೋ ಆ ನಡಿಗೆಯ ಹೊತ್ತಿಗೇ ಡಬ್ಬಿ ಗೂಟಕ್ಕೆ ತೂಗುತ್ತಿತ್ತು. ನಾನು ವಾದ ಮಾಡಿದೆ, ಬೇಡಿಕೊಂಡೆ, ಕೊನೆಗೆ ಹಣೆ ಹಣೆ ಚಚ್ಚಿಕೊಂಡೆ. ಅವರು ಜಗ್ಗಲಿಲ್ಲ. ಅಷ್ಟರಲ್ಲಿ ಒಳಗಿಂದ ಪದ್ಮಕ್ಕನ ದನಿ ಬಂತು.

“ಧಾಬಳಿಯೊಳಗ ಸುತ್ತಿದರ?”

ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ಆಚಾರ್ಯರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, “ಪೂರ್ತಿ ಮುಚ್ಚಿತ್ತು ಅಂದ್ರ ನಡೀತದ,” ಎಂದರು. ಪದ್ಮಕ್ಕ ತಮ್ಮ ಹಳೆಯ ಧಾಬಳಿಯ ಅಂಚು ಹರಿದು, ಡಬ್ಬಿಗಳಿಗೆ ಸಣ್ಣ ಸಣ್ಣ ಚೀಲ ಹೊಲಿದು ಲಾಡಿ ಹಾಕಿದರು.

ಇನ್ನು ಕಟ್ಟುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ. ಆಚಾರ್ಯರಿಗೆ ಒಂದೇ ಕೈಯಲ್ಲಿ ಲಾಡಿ ಬಿಗಿಯಲು ಬರುವುದಿಲ್ಲ. ನಾನು ಮುಟ್ಟುವ ಹಾಗಿಲ್ಲ. ನೈವೇದ್ಯದ ಅಡಿಗೆಗೆಂದು ಬೆಳಿಗ್ಗೆ ಮಡಿಯಲ್ಲಿರುವ ಪದ್ಮಕ್ಕನೇ ಕಟ್ಟಬೇಕು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅಂಗಳದಲ್ಲಿ ನಿಂತು ಪಾಠ ಶುರು ಮಾಡಿದೆ. ಚೀಲಗಳನ್ನು ಕೈಯಿಂದ ಕೈಗೆ ಕೊಡುವಂತಿಲ್ಲವಾದ್ದರಿಂದ ಹೊಸ್ತಿಲ ಹತ್ತಿರ ನೆಲದ ಮೇಲೆ ಸಾಲಾಗಿ ಇಟ್ಟೆ. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು, ಕೊನೆಗೆ ಸೊಂಟದ್ದು. ನನ್ನ ಸಲ್ವಾರನ್ನು ಸ್ವಲ್ಪ ಮೇಲೆತ್ತಿ ಹಿಮ್ಮಡಿಗಿಂತ ಎಷ್ಟು ಮೇಲೆ ಕಟ್ಟಬೇಕೆಂದು ತೋರಿಸಿದೆ. ಪದ್ಮಕ್ಕ ಗಂಡನ ಕಾಲ ಬುಡದಲ್ಲಿ ಕುಳಿತು, ನಾನು ಹೇಳಿದಷ್ಟೇ ಬಿಗಿಯಾಗಿ ಕಟ್ಟಿದರು. ಬೇಲಿಯಾಚೆ ನಿಂತು ನೋಡುತ್ತಿದ್ದ ಮುದುಕಿಯೊಬ್ಬಳು, “ಏನವ್ವಾ, ಆಚಾರ್ರಿಗೆ ಗೆಜ್ಜಿ ಕಟ್ಟಾಕತ್ತೀರೇನು?” ಎಂದು ನಕ್ಕಳು.

ಶ್ರಾವಣ ಹುಟ್ಟಿತು. ಮೊದಲ ಶನಿವಾರಕ್ಕೆ ಒಂದು ದಿನ ಮುಂಚೆ, ಶುಕ್ರವಾರ ಬೆಳಿಗ್ಗೆ, ಮಾಸ್ತರರು ಶಾಲೆಗೆ ಹೋಗುವ ಮೊದಲು ಡಬ್ಬಿಗಳನ್ನು ತಂದುಕೊಟ್ಟರು. ಸಿಕ್ಕಿಸಿ ನೋಡಿದೆ. ಈ ಸಲ ಬೆಳಗಿನ ಗೆರೆ ಇತ್ತು. ಅದನ್ನು ಎರಡೆರಡು ಸಲ ತೆರೆದು ನೋಡಿದೆ. ಎಡಗಾಲು ಸರಾಗವಾಗಿ ಏಳುತ್ತಿದೆ. ಬಲಗಾಲು ಎಳೆಯುತ್ತಿದೆ, ತಡವರಿಸುತ್ತಿದೆ. ಬಿದ್ದಿದ್ದು ಎಡಭಾಗ, ಈಗ ಹೋಗುತ್ತಿರುವುದು ಬಲಗಾಲು! ಅಂದರೆ ಮಿದುಳಿನ ಇನ್ನೊಂದು ಭಾಗಕ್ಕೂ ಲಕ್ವಾ ಹೊಡೆಯುತ್ತಿದೆ ಎಂದೇ ನಾನು ಓದಿಕೊಂಡೆ.

ಗುಲಬರ್ಗಾಕ್ಕೆ ಫೋನು ಹಚ್ಚಿದೆ. ಡಾಕ್ಟರು, “ತಡ ಮಾಡಬೇಡ. ನಡೆಯಲು ಬಿಡಬೇಡ. ಜೀಪಿಗೆ ಹಾಕಿಕೊಂಡು ಬಂದುಬಿಡು” ಎಂದರು.

ಬಾಗಿಲಲ್ಲಿ ನಿಂತಿದ್ದ ಮಾಸ್ತರರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಇವರಿಗೆ ಪಾಳಿ ಸಿಗುತ್ತದಲ್ಲ ಎಂಬ ಕೆಟ್ಟ ಯೋಚನೆ ನನಗೆ ಬಂದದ್ದು ನಿಜ. ಆದರೆ ಆ ಮನುಷ್ಯನ ಕಣ್ಣಲ್ಲಿ ನೀರು ತುಂಬಿತ್ತು. “ಇವತ್ತು ತುಂಬಿದ ಕೊಡ ಹೊತ್ತು ನೋಡ್ತೀನಿ ಅಂತ ಹೇಳ್ಯಾನ್ರಿ ಅಣ್ಣ. ಕುಂದ್ರಿ ಗಾಡಿ ಮ್ಯಾಲ,” ಎಂದರು.

ಎರಡೂ ಬದಿ ತೊಗರಿ ಹೊಲ, ಕರಿಮಣ್ಣು ರಸ್ತೆಗೆ ಇಳಿದು ಗಾಡಿಯ ಗಾಲಿಗೆ ಅಂಟುತ್ತಿತ್ತು. ಊರ ಮುಂದಿನ ಹಳ್ಳದಲ್ಲಿ ಸೇತುವೆಯ ಮೇಲೆಯೇ ನೀರು ಹರಿಯುತ್ತಿತ್ತು. ಗಾಡಿಯನ್ನು ಈಚೆಯೇ ಬಿಟ್ಟು, ಮೊಣಕಾಲು ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ದಾಟಿದೆವು. ಮನೆಗೆ ಹೋಗದೆ ನೇರ ಬಾವಿಗೆ ಓಡಿದೆವು.

ಆಚಾರ್ಯರು ಆಗಲೇ ಬಾವಿಯ ಒಳಗಿದ್ದರು. ಪಾವಟಿಗೆಗಳ, ಅಂದರೆ ಮೆಟ್ಟಿಲುಗಳ ಬಾವಿ ಅದು, ಪೂರ್ತಿ ನಮ್ಮೂರ ಶಹಾಬಾದಿ ಪರಸಿ ಕಲ್ಲು ಹಾಸಿದ್ದು. ಆ ಕಲ್ಲು ಒಣಗಿದ್ದರೆ ಕನ್ನಡಿ, ತೊಯ್ದರೆ ಬೆಣ್ಣೆ. ಒದ್ದೆ ಪಂಚೆಯಲ್ಲಿ, ಬಲ ಹೆಗಲ ಮೇಲೆ ತಾಮ್ರದ ಕೊಡ ಇಟ್ಟುಕೊಂಡು ಬಲಗೈಯಿಂದ ಹಿಡಿದು, ಎಡಗೈ ಜೋತುಬಿಟ್ಟು ಮೇಲೆ ಬರುತ್ತಿದ್ದರು. ಬಾವಿಯ ಎದುರಿನ ಗುಡಿಯ ಬಾಗಿಲಲ್ಲಿ ಪದ್ಮಕ್ಕ ಧಾಬಳಿ ಉಟ್ಟು ಕೈ ಜೋಡಿಸಿ ನಿಂತಿದ್ದರು. ನಾನು ಮುಂದೆ ನುಗ್ಗಿದೆ.

“ಮುಟ್ಟಬ್ಯಾಡ್ರಿ!” ಎಂದು ಮಾಸ್ತರರು ರೂಢಿಯ ಮೇಲೆ ಕೂಗಿಬಿಟ್ಟರು. ಮರುಕ್ಷಣವೇ ತೊದಲುತ್ತ, “ಬಿದ್ದರ ಮುಟ್ರಿ, ಬಿದ್ದರ ಮುಟ್ರಿ,” ಎಂದರು.

ನಾನು ಮೇಲಿನ ಪಾವಟಿಗೆಯಲ್ಲೇ ನಿಂತೆ. ಕಣ್ಣು ಅವರ ಬಲಗಾಲಿನ ಮೇಲೆಯೇ ಇತ್ತು. ಬಲಗಾಲು ಏಳುತ್ತಿತ್ತು, ಗಟ್ಟಿಯಾಗಿ ಊರುತ್ತಿತ್ತು. ಅದಕ್ಕೇನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಎಡಗಾಲಿನಲ್ಲೇ. ಅದರ ಬೆರಳುಗಳು ಪಾವಟಿಗೆಯ ಅಂಚಿಗೆ ತಾಗಿದವು. ಕೊಡ ವಾಲಿ ನೀರು ಅವರ ಎದೆಯ ಮೇಲೆ ಚೆಲ್ಲಿತು. ಅವರು ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು. ಮತ್ತೆ ಕಾಲೆತ್ತಿದರು. ಹಾಗೇ ಮೇಲೆ ಬಂದು, ನನ್ನತ್ತ ನೋಡದೆ, ಗುಡಿಯೊಳಗೆ ಹೋದರು.

ಅವರು ಮಡಿ ಬಿಟ್ಟು ಮನೆಗೆ ಬಂದ ಮೇಲೆ ಕೈ ಹಿಡಿದು, ಕಾಲು ಒತ್ತಿಸಿ, ನಾಲಿಗೆ ಚಾಚಿಸಿ, ಎಲ್ಲ ಪರೀಕ್ಷೆ ಮಾಡಿದೆ. ಬಲಭಾಗ ಕಬ್ಬಿಣದ ಹಾಗಿತ್ತು. ಹಾಗಾದರೆ ಆ ಗೆರೆ? ಜೊತೆಗೆ ತಂದಿದ್ದ ಚೀಲಗಳನ್ನು ಮೊದಲಿನ ಹಾಗೆಯೇ ಸಾಲಾಗಿ ಇಟ್ಟು, ಪದ್ಮಕ್ಕನನ್ನು ಕರೆದು, ಹೇಗೆ ಕಟ್ಟುತ್ತೀರಿ, ತೋರಿಸಿ ಎಂದೆ. ಅವರು ಸಾಲಿನಲ್ಲಿದ್ದ ಮೊದಲನೆಯ ಚೀಲ ಎತ್ತಿ ಗಂಡನ ಬಲಗಾಲಿಗೆ ಹಿಡಿದರು.

“ಅದು ಎಡಗಾಲಿಂದಲ್ರೀ ಅಕ್ಕಾ!”

“ಇರಬಹುದು. ನೀವು ಮೊದಲ ಇಟ್ಟಿದ್ರಿ, ನಾ ಮೊದಲ ಕಟ್ಟಿದೆ. ದೇವರ ಕೆಲಸಕ್ಕ ಹೋಗೂ ಮುಂದ ಎಡಗಾಲ್ಲೇ ಯಾರರ ಸುರು ಮಾಡ್ತಾರೇನ್ರಿ?”

ಮೊದಲು ನಕ್ಕವರು ಮಾಸ್ತರರು. ಆಮೇಲೆ ಆಚಾರ್ಯರು, ಆಮೇಲೆ ನಾನು. ನಕ್ಕು ನಕ್ಕು ನನಗೆ ಅಳುವೇ ಬಂತು. ಮಾಸ್ತರರ ಮೊಬೈಲಿನಿಂದ ಗುಲಬರ್ಗಾಕ್ಕೆ ಫೋನು ಮಾಡಿ, ಎಡ ಬಲ ಅದಲುಬದಲಾಗಿದೆ, ರೋಗಿ ಚೆನ್ನಾಗಿದ್ದಾರೆ ಎಂದು ತಿಳಿಸಿದೆ. ಡಾಕ್ಟರು ಬೈದರು, ಬೈಸಿಕೊಂಡೆ. ಮೊದಲ ದಿನ ಅಂಗಳದಲ್ಲಿ ನಿಂತು ಲಾಡಿಯ ಬಿಗಿ ನೋಡಿದ್ದೆನೇ ಹೊರತು, ಕಾಲು ಯಾವುದೆಂದು ನಾನೂ ನೋಡಿರಲಿಲ್ಲ.

ಆದರೆ ಗೆರೆ ಸುಳ್ಳು ಹೇಳಿರಲಿಲ್ಲ, ಕಾಲಿನ ಹೆಸರು ಮಾತ್ರ ತಪ್ಪಿತ್ತು. ಎಳೆಯುತ್ತಿದ್ದದ್ದು ಎಡಗಾಲು ಎಂದು ತಿದ್ದಿಕೊಂಡು ಓದಿದರೆ ಉಳಿಯುವುದು ಒಂದೇ ಅರ್ಥ. ಸಮನೆಲದಲ್ಲಿ ಈ ಮನುಷ್ಯ ನಡೆಯಬಲ್ಲ. ಕೊಡ ಹೊತ್ತು ಪಾವಟಿಗೆ ಏರಿದರೆ ಕಾಲು ಬೇಕಾದಷ್ಟು ಏಳುವುದಿಲ್ಲ. ನಾನು ಕಣ್ಣಾರೆ ಕಂಡದ್ದೂ ಅದೇ.

“ಹೇಳ್ರಿ ಬಾಯಾರ,” ಎಂದರು ಆಚಾರ್ಯರು. ಅವರ ನಗೆ ಇನ್ನೂ ಪೂರ್ತಿ ಆರಿರಲಿಲ್ಲ.

“ಎರಡನೇ ಸಲ ಲಕ್ವಾ ಹೊಡೆದಿಲ್ರಿ. ಖರೆ, ನೀವೊಬ್ಬರೇ ಹೋದ್ರ ಬೀಳ್ತೀರಿ ಆಚಾರ್ರ. ನಾ ಹೂಂ ಅನ್ನಂಗಿಲ್ಲ.”

ಅವರು ಮುಖ ಗೋಡೆಗೆ ತಿರುಗಿಸಿದರು. ದೊಡ್ಡ ದೇಹ, ಹೆಗಲು ಅಲುಗುತ್ತಿದ್ದವು. ನನಗೆ ಅವರನ್ನು ನೋಡಲಾಗಲಿಲ್ಲ. ಮಾಸ್ತರರು ತಗ್ಗಿದ ದನಿಯಲ್ಲಿ, “ಯಾರರ ಹಿಡಕೊಂಡರ ಸಾಕಾಗ್ತದೇನ್ರಿ?” ಎಂದು ಕೇಳಿದರು.

“ಎಡಕ್ಕ ಒಬ್ಬರು ಹಿಡಕೊಂಡ್ರ ಸಾಕ್ರಿ. ಹಂಗ ಮಾಡಿದ್ರ ನಿಮ್ಮ ಕಟ್ಟು ಮುರೀತದೇನು?”

“ನೀರು ಅಣ್ಣನ ಹೆಗಲ ಮ್ಯಾಲೇ ಬಂತು ಅಂದ್ರ ಮುರಿಯಂಗಿಲ್ಲ. ಹಿಡಿಯವರು ಮಡಿಯೊಳಗ ಇರಬೇಕು, ಮನಿಯವರಾಗಿರಬೇಕು. ನಾ ಹಿಡಿಯೂಹಂಗಿಲ್ಲ. ಆ ಮನಿ ಪಾಳಿಗೆ ಈ ಮನಿ ಕೈ ತಾಗಬಾರದು.”

“ಮತ್ತ ಮಡಿಯೊಳಗ ಯಾರಿರ್ತಾರ್ರಿ ಆ ಹೊತ್ತಿನಾಗ?”

ಅಡಿಗೆಮನೆಯ ಬಾಗಿಲಲ್ಲಿ ಪದ್ಮಕ್ಕ ಸೌಟು ಹಿಡಿದು ನಿಂತಿದ್ದರು. ಎಲ್ಲರೂ ಅವರನ್ನು ನೋಡಿದೆವು. ಆಚಾರ್ಯರೂ ತಿರುಗಿ ನೋಡಿದರು.

“ಛೀ!” ಎಂದರು ಆಚಾರ್ಯರು. “ಊರ ಮಂದಿ ಮುಂದ ಹೆಣ್ತಿ ಕೈ ಹಿಡಕೊಂಡು ದೇವರಿಗೆ ನೀರು ತರಬೇಕೇನು? ಅದಕ್ಕಿಂತ ಪಾಳಿ ಬಿಡೂದು ಚಲೋ.”

ಪದ್ಮಕ್ಕ ಸೌಟಿನ ಸಮೇತ ಒಳಗೆ ಹೋದರು.

ಹಳ್ಳ ಇಳಿಯದ್ದರಿಂದ ಆ ದಿನ ನಾನು ಮಾಸ್ತರರ ಮನೆಯಲ್ಲೇ ಉಳಿದೆ. ಸಂಜೆ ಹೊತ್ತು ಪದ್ಮಕ್ಕ ನನ್ನನ್ನು ತಮ್ಮ ಹಿತ್ತಲಿಗೆ ಕರೆದರು. ಅತ್ತಿತ್ತ ನೋಡಿ, “ಹೆಂಗ ಹಿಡೀಬೇಕು, ತೋರಸ್ರಿ,” ಎಂದರು. ಕೈ ಜಗ್ಗಬಾರದು, ಜಗ್ಗಿದರೆ ಸೋತ ಹೆಗಲು ಕಳಚುತ್ತದೆ. ಒಂದು ಕೈಯಿಂದ ಅವರ ಅಂಗೈ ಹಿಡಿದು, ಇನ್ನೊಂದನ್ನು ಬೆನ್ನ ಹಿಂದಿನಿಂದ ಸೊಂಟಕ್ಕೆ ಕೊಡಬೇಕು. ಪಾವಟಿಗೆ ಮುಗಿದ ಮೇಲೆ ಬಿಟ್ಟರೆ ನಡೆಯುತ್ತದೆ ಎಂದು ಹೇಳಿಕೊಟ್ಟೆ. ನನ್ನನ್ನೇ ಗಂಡನೆಂದು ತಿಳಿದು ಹಿಡಿದು ನೋಡಿದರು.

“ನಿನ್ನಿ ತನಕ ಬ್ಯಾಡ ಅಂತಿದ್ರಿ ಅಕ್ಕಾ,” ಎಂದೆ.

“ಗೋಡಿಗೆ ಮಾರಿ ಮಾಡಿ ಅತ್ತರಲ್ಲ, ಅದನ್ನ ನೋಡಿದೆ. ಲಕ್ವಾ ಹೊಡದಾಗೂ ಅತ್ತಿದ್ದಿಲ್ಲ ಅವರು.” ಸೆರಗಿನಿಂದ ಮುಖ ಒರೆಸಿಕೊಂಡು, “ಖರೆ ಅವರು ಕೇಳೂ ತನಕಾ ನಾ ಮುಂದ ಹೋಗಂಗಿಲ್ಲ. ನಾನಾಗೇ ಹೋಗಿ ಹಿಡದರ ಅವರ ಮಾನ ಉಳಿಯಂಗಿಲ್ಲ,” ಎಂದರು.

ಶನಿವಾರ ಬೆಳಿಗ್ಗೆ ಊರೆಲ್ಲ ಬಾವಿಯ ಸುತ್ತ ನೆರೆದಿತ್ತು. ಜಿನುಗು ಮಳೆ ಬೀಳುತ್ತಿತ್ತು, ಕಲ್ಲು ಮಿರಮಿರ ಮಿಂಚುತ್ತಿತ್ತು. ಮಾಸ್ತರರೂ ಮಿಂದು ಮಡಿಯುಟ್ಟು ಪಕ್ಕಕ್ಕೆ ನಿಂತಿದ್ದರು. ಅಣ್ಣ ಕೊಡ ಇಳಿಸಿದರೆ ಅದನ್ನು ಎತ್ತಬೇಕಾದವರು ಅವರೇ. ಆಚಾರ್ಯರು ಡಬ್ಬಿಯ ಚೀಲಗಳನ್ನು ಕಟ್ಟಿಸಿಕೊಂಡು, ಬಲ ಹೆಗಲ ಮೇಲೆ ಬರಿಗೊಡ ಇಟ್ಟುಕೊಂಡು ಬಂದು ಮೊದಲ ಪಾವಟಿಗೆಯ ಹತ್ತಿರ ನಿಂತರು. ಇಳಿಯಲಿಲ್ಲ. ತಿರುಗಿಯೂ ಹೋಗಲಿಲ್ಲ. ಒಬ್ಬರೇ ಇಳಿದುಬಿಡುತ್ತಾರೆ ಎಂದು ನನಗೆ ಹೆದರಿಕೆಯಾಗಿ ಪಕ್ಕದಲ್ಲಿದ್ದ ಹೆಂಗಸಿನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಅವರು, ಹಿಂದೆ ನೋಡದೆಯೇ, ಎಡಗೈಯನ್ನು ಹೊರಗೆ ಚಾಚಿದರು. ಅದು ಸೊಂಟದ ಮಟ್ಟಕ್ಕೆ ಎದ್ದು, ನಡುಗುತ್ತ, ಗಾಳಿಯಲ್ಲಿ ನಿಂತಿತು.

ಪದ್ಮಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಗುಡಿಯ ಕಟ್ಟೆಯಿಂದ ಇಳಿದರು. ಎಲ್ಲಿಯೋ ಒಂದಿಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ಮಾಸ್ತರರು ಶಾಲೆಯಲ್ಲಿ ಗದರಿಸುವ ದನಿಯಲ್ಲೇ, “ದಾರಿ ಬಿಡ್ರಿ! ಇಬ್ಬರಿಗೂ ದಾರಿ ಬಿಡ್ರಿ!” ಎಂದು ಕೂಗಿದರು. ಪದ್ಮಕ್ಕ ಹೋಗಿ, ನಾನು ಹೇಳಿಕೊಟ್ಟ ಹಾಗೆಯೇ, ಆ ಅಂಗೈ ಹಿಡಿದು ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟರು. ಇಬ್ಬರೂ ಒಟ್ಟಿಗೆ ಇಳಿದರು.

ಆ ದಿನದ ಗೆರೆಗಳನ್ನು ಡಾಕ್ಟರು ಅಧ್ಯಯನಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬರು ಹಿಡಿದುಕೊಂಡು ನಡೆಸಿದ್ದು ರೋಗಿಯ ನಡಿಗೆಯಲ್ಲ ಎಂದರು. ಶಾಸ್ತ್ರದ ಪ್ರಕಾರ ಅವರ ಮಾತು ಸರಿಯೇ. ಆದರೂ ನಾನು ಫೋನಿನಲ್ಲಿ ಜಗಳವಾಡಿದೆ. ಆ ಗೆರೆಗಳು ಏನು ಹೇಳಿದ್ದವೋ ಈಗ ನನಗೆ ನೆನಪಿಲ್ಲ. ಕಣ್ಣು ಕಂಡದ್ದು ನೆನಪಿದೆ.

ತುಂಬಿದ ಕೊಡದೊಂದಿಗೆ ಅವರು ಒಂದೊಂದೇ ಪಾವಟಿಗೆ ಏರಿ ಮೇಲೆ ಬಂದರು. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಹಿಡಿದುಕೊಂಡಿದ್ದ ಹೆಂಗಸಿನ ತೋಳು ಬಿಟ್ಟೆ. ಮೇಲೆ ಬಂದ ಮೇಲೆ ಗುಡಿಯವರೆಗೂ ಸಮನೆಲ. ಅಲ್ಲಿ ಹಿಡಿಯುವ ಅಗತ್ಯವಿರಲಿಲ್ಲ. ಪದ್ಮಕ್ಕ ಕೈ ಬಿಡಲಿಲ್ಲ. ಊರೆಲ್ಲ ನೋಡುತ್ತಿತ್ತು. ಆಚಾರ್ಯರೂ ಬಿಡಿಸಿಕೊಳ್ಳಲಿಲ್ಲ.